ಡೀಪ್, ಶ್ಯಾಲೋ ಮತ್ತು ಮೂಕಮ್ಮನ ಹೊಳೆ

ಸಾಸ್ವೆಹಳ್ಳಿಯ ಹೊಳೆದಂಡೆಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಅಜ್ಜಿಯೂ ಆದ ಮೂಕಮ್ಮನಿಗೆ ಮೂಕತನವಿದ್ದದ್ದು ಹೆಸರಿನಲ್ಲಿ ಮಾತ್ರ. ದೇವಿಗೆ ಹರಕೆ ಹೊತ್ತು ಹಡೆದ ಕೂಸೆಂದು ಅವ್ವ ಇಟ್ಟ ಹೆಸರು ಅದು. ಅವಳ ತೆಪ್ಪ ಹತ್ತಿದವರು ಆಚೆ ದಡ ಮುಟ್ಟುವಷ್ಟರಲ್ಲಿ ತಮ್ಮ ಮನೆಯ ಸುದ್ದಿಯನ್ನೆಲ್ಲ ಅವಳಿಗೆ ಒಪ್ಪಿಸಿ, ಅವಳ ಮನೆಯ ಸುದ್ದಿಯನ್ನೆಲ್ಲ ಕಟ್ಟಿಕೊಂಡು ಇಳಿಯುತ್ತಿದ್ದರು. ಕೈಯಲ್ಲಿ ಹುಟ್ಟು, ಬಾಯಲ್ಲಿ ಮಾತು, ಎರಡರಲ್ಲಿ ಯಾವುದು ನಿಂತರೂ ತೆಪ್ಪ ಗಿರಕಿ ಹೊಡೆಯುತ್ತದೆ ಎಂದು ಗಂಡ ಧರ್ಮಪ್ಪ ತಮಾಷೆ ಮಾಡುತ್ತಿದ್ದ.

ರಸ್ತೆ, ಸೇತುವೆ, ಬಸ್ಸು ಎಲ್ಲ ಬಂದ ಮೇಲೆ ತೆಪ್ಪಕ್ಕೆ ಕಾಯುವವರು ಕಡಿಮೆಯಾದರು. ಆದರೂ ಮೀನಿಗೆ ಬಲೆ ಬಿಡಲು, ಆಚೆ ದಡದ ಗದ್ದೆಗೆ ನಾಟಿಗೋ ಕಳೆಗೋ ಹೋಗುವ ಹೆಂಗಸರನ್ನು ದಾಟಿಸಲು ಅದು ಬೇಕೇ ಬೇಕು. ಬಿದಿರು ಹೆಣೆದು, ಪ್ಲಾಸ್ಟಿಕ್ ಚೀಲ ಹೊದಿಸಿ, ಟಾರು ಬಳಿದ ಆ ದುಂಡನೆಯ ಬುಟ್ಟಿಯಲ್ಲಿ ಕುಳಿತರೆ ಮೂಕಮ್ಮನಿಗೆ ತನ್ನ ಅಡುಗೆಮನೆಯಲ್ಲಿ ಕುಳಿತಷ್ಟೇ ನಿರಾಳ.

ಹೊಳೆಯನ್ನು ಅವಳು ಮೈಯಿಂದ ತಿಳಿದಿದ್ದಳು. ಪಾದ ಮುಳುಗುವ ನೀರು, ಮೊಣಕಾಲುದ್ದ ನೀರು, ತೊಡೆಮಟ್ಟ, ಸೊಂಟಮಟ್ಟ, ಎದೆಮಟ್ಟ, ಕುತ್ತಿಗೆಮಟ್ಟ. ಅಲ್ಲಿಂದಾಚೆಗೆ ಆಳಿನ ಲೆಕ್ಕ ಶುರು. ಒಬ್ಬ ಆಳು ನಿಂತು ಕೈ ಎತ್ತಿದರೆ ಬೆರಳ ತುದಿ ಮುಳುಗುವಷ್ಟು ನೀರಿದ್ದರೆ ಅದು ಒಂದಾಳು, ಅವನ ಹೆಗಲ ಮೇಲೆ ಇನ್ನೊಬ್ಬ ನಿಂತಷ್ಟಾದರೆ ಎರಡಾಳು. ತೆಪ್ಪ ಊರುವ ಉದ್ದನೆಯ ಬಿದಿರ ಗಳ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಹೊಳೆ ನಮ್ಮದು. ಗಳ ಮುಟ್ಟದಿದ್ದರೆ ಅದು ಮಡು. ಅದು ಹೊಳೆಯದೇ ಮನೆ, ಅಲ್ಲಿ ನಮಗೆ ಕೆಲಸವಿಲ್ಲ. ಇದು ಅವಳ ಅಪ್ಪ ಕಲಿಸಿದ್ದು.

ಅಂಥ ಮಡು ಆ ಭಾಗದಲ್ಲಿ ಒಂದೇ ಇತ್ತು. ತೆಪ್ಪ ಕಟ್ಟುವ ಕಡವಿನಿಂದ ಸ್ವಲ್ಪ ಮೇಲಕ್ಕೆ, ಹೊಳೆ ಬಾಗುವ ಕಡೆ, ನೀರು ಕಪ್ಪಗೆ ನಿಂತಂತೆ ಕಾಣುವ ಜಾಗ. ಅದಕ್ಕೆ ಕರಿಮಡು ಎಂದೇ ಹೆಸರು. ಮಂಚದ ಹಗ್ಗಗಳನ್ನೆಲ್ಲ ಬಿಚ್ಚಿ, ಒಂದಕ್ಕೊಂದು ಗಂಟುಹಾಕಿ, ತುದಿಗೆ ಒರಳುಗುಂಡು ಕಟ್ಟಿ ಇಳಿಬಿಟ್ಟರೂ ತಳ ಸಿಗಲಿಲ್ಲವೆಂದು ಅಜ್ಜನ ಕಾಲದಿಂದ ಮಾತು. ಮೂಕಮ್ಮ ಲಂಗ ಉಡುತ್ತಿದ್ದ ವಯಸ್ಸಿನಲ್ಲಿ ಅವಳ ಅಣ್ಣ ಕೆಂಚಪ್ಪ ಎಮ್ಮೆಯ ಬಾಲ ಹಿಡಿದು ಈಜುತ್ತಾ ಅಲ್ಲಿಗೆ ಹೋದವನು ಮೇಲೆ ಬರಲಿಲ್ಲ. ಎಮ್ಮೆ ತಾನಾಗಿ ಮನೆಗೆ ಬಂತು. ಅಣ್ಣ ಸಿಕ್ಕಿದ್ದು ಹೊಳೆಯ ಕೆಳಗಣ ಊರಿನ ದಡದಲ್ಲಿ. ಅಂದಿನಿಂದ ಅವಳು ಕರಿಮಡುವಿನ ಮೇಲೆ ತೆಪ್ಪ ಬಿಟ್ಟವಳಲ್ಲ. ಎಷ್ಟೇ ಅವಸರವಿದ್ದರೂ ಆಚೆ ಬಂಡೆಗಳ ಸಾಲನ್ನು ಸುತ್ತಿಕೊಂಡೇ ಹೋಗುತ್ತಿದ್ದಳು. ಮಗ ಹುಟ್ಟಿದಾಗ ಕೆಂಚೇಶ್ ಎಂದು ಹೆಸರಿಟ್ಟಳು, ಆದರೆ ಅವನಿಗೆ ಈಜು ಮಾತ್ರ ಕಲಿಸಲಿಲ್ಲ. ಅವನು ಈಗ ನ್ಯಾಮತಿಯಲ್ಲಿ ಟೆಂಪೋ ಓಡಿಸಿಕೊಂಡಿದ್ದಾನೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಡವಿಗೆ ಜೀಪು ಬಂದು ನಿಂತಿತು. ಹೊಳೆಯ ತಳವನ್ನು ಅಳೆದು ನಕ್ಷೆ ಮಾಡಲು ಬಂದವರು. ಅವರು ತಂದಿದ್ದ ಮೋಟಾರು ದೋಣಿ ಬಂಡೆಗಳ ನಡುವೆ ಆಡದೆ ಕೈಕೊಟ್ಟಿತ್ತು, ಅದಕ್ಕೇ ತೆಪ್ಪ ಕೇಳಿಕೊಂಡು ಬಂದಿದ್ದರು. ಇಂಜಿನಿಯರ್ ಒಬ್ಬಳು ಹುಡುಗಿ, ವಿಜಯಶ್ರೀ ಎಂದು. ಜೊತೆಗೆ ಲೆಕ್ಕ ಬರೆದುಕೊಳ್ಳುವ ರಮೇಶ್. ಧರ್ಮಪ್ಪನಿಗೆ ಆಗಲೇ ಕೆಮ್ಮು ಹಿಡಿದಿದ್ದರಿಂದ ಹುಟ್ಟು ಹಾಕುವ ಕೆಲಸ ಮೂಕಮ್ಮನ ಪಾಲಿಗೆ ಬಂತು.

ವಿಜಯಶ್ರೀ ತೆಪ್ಪಕ್ಕೆ ಕಾಲಿಟ್ಟ ಗಳಿಗೆಯಲ್ಲೇ ಮೂಕಮ್ಮನಿಗೆ ಗೊತ್ತಾಯಿತು, ಈ ಹುಡುಗಿಗೆ ನೀರೆಂದರೆ ಜೀವ ಬಾಯಿಗೆ ಬರುತ್ತದೆ ಎಂದು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ತೆಪ್ಪದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಳಿತಿದ್ದಳು.

"ಯಾವೂರು ತಾಯಿ ನಿಮ್ಮದು?" ಎಂದು ಮೂಕಮ್ಮ ಮಾತು ತೆಗೆದಳು.

"ಜಗಳೂರು ಅಮ್ಮ. ನಮ್ಮ ಕಡೆ ಇಷ್ಟು ನೀರು ಒಟ್ಟಿಗೆ ನೋಡಿದ್ದೇ ಇಲ್ಲ. ಚಿಕ್ಕವಳಿದ್ದಾಗ ಚನ್ನಗಿರಿ ಸೀಮೆಯ ದೊಡ್ಡ ಕೆರೆ ತೋರಿಸಾಕೆ ಕರ್ಕೊಂಡು ಬಂದಿದ್ರು. ನೋಡಿ ಅತ್ತುಬಿಟ್ಟೆ."

"ಹೆದರಿಕೆ ಇಟ್ಕೊಂಡು ಈ ಕೆಲಸಕ್ಕೆ ಯಾಕೆ ಬಂದ್ರಿ ಮತ್ತೆ?"

"ಹೆದರಿಕೆ ಐತೆ ಅಂತಾನೇ ಬಂದೆ. ಕೆಳಗೆ ಏನೈತೆ ಅಂತ ಗೊತ್ತಾದ್ರೆ ಹೆದರಿಕೆ ಹೋಗ್ತದೆ ಅನ್ಕೊಂಡಿದ್ದೆ. ಇನ್ನೂ ಪೂರ್ತಿ ಹೋಗಿಲ್ಲ."

ಮೂಕಮ್ಮನಿಗೆ ಹುಡುಗಿ ಅಷ್ಟಕ್ಕೇ ಹಿಡಿಸಿದಳು.

ಒಂದು ಕೋಲಿನ ತುದಿಗೆ ಬೆಲ್ಲದ ಅಚ್ಚಿನಷ್ಟಿದ್ದ ಕರಿಯ ಗುಂಡೊಂದನ್ನು ಕಟ್ಟಿ ತೆಪ್ಪದ ಪಕ್ಕದಿಂದ ನೀರಿಗೆ ಇಳಿಬಿಟ್ಟರು. ಅದರಿಂದ ಹೊರಟ ವೈರು ಒಂದು ಪೆಟ್ಟಿಗೆಗೆ ಸೇರಿತ್ತು, ಪೆಟ್ಟಿಗೆಯ ಮೇಲೆ ಟಿವಿಯಂಥ ಗಾಜು. ತೆಪ್ಪ ಸಾಗಿದಂತೆ ಆ ಗಾಜಿನ ಮೇಲೆ ಒಂದು ಗೆರೆ ಏಳುತ್ತಾ ಬೀಳುತ್ತಾ ಸಾಗಿತು.

"ಏನು ತಾಯಿ ಅದು?"

"ಹೊಳೆಯ ನೆಲ ಅಮ್ಮ. ಈ ಗುಂಡು ಕೆಳಗೆ ಒಂದು ಸದ್ದು ಕಳಿಸ್ತದೆ, ನಮ್ಮ ಕಿವಿಗೆ ಕೇಳಿಸಲ್ಲ. ಆ ಸದ್ದು ನೆಲಕ್ಕೆ ತಾಗಿ ವಾಪಸ್ ಬರ್ತದೆ. ಬೇಗ ಬಂದ್ರೆ ನೆಲ ಹತ್ತಿರ, ತಡವಾದ್ರೆ ದೂರ. ಬಾವಿಗೆ ಬಗ್ಗಿ ಕೂಗಿದ್ರೆ ಕೂಗು ತಿರುಗಿ ಬರಲ್ವಾ, ಹಂಗೆ."

ಮೂಕಮ್ಮ ಹುಟ್ಟು ಹಾಕುವುದನ್ನೇ ಮರೆತು ನೋಡಿದಳು. ಹುಟ್ಟಿದಾಗಿನಿಂದ ಅವಳು ಈ ಹೊಳೆಯ ಮುಖವನ್ನು ಕಂಡವಳು. ತಳ ಹೇಗಿದೆಯೆಂದು ಕಾಲಲ್ಲಿ, ಗಳದಲ್ಲಿ ಮುಟ್ಟಿ ಊಹಿಸಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಈಗ ಅದು ಗುಡ್ಡ, ತಗ್ಗು, ಇಳಿಜಾರು ಸಮೇತ ಅವಳ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ಆ ಗೆರೆಯನ್ನು ಮುಟ್ಟಬೇಕೆಂದು ಬೆರಳು ಚಾಚಿದವಳು ಸಂಕೋಚದಿಂದ ಹಿಂದೆ ತೆಗೆದುಕೊಂಡಳು. ವಿಜಯಶ್ರೀ ಅವಳ ಬೆರಳು ಹಿಡಿದು ಗಾಜಿನ ಮೇಲಿಟ್ಟಳು.

ಗೆರೆ ಮೇಲಕ್ಕೆ ಬಂದಾಗ ವಿಜಯಶ್ರೀ "ಶ್ಯಾಲೋ" ಎನ್ನುತ್ತಿದ್ದಳು. ಆಗ ಗುಂಡು ಬಂಡೆಗೆ ಬಡಿಯದಂತೆ ರಮೇಶ್ ಕೋಲನ್ನು ಮೇಲೆತ್ತುತ್ತಿದ್ದ. ಗೆರೆ ಕೆಳಗೆ ಬಿದ್ದಾಗ "ಡೀಪ್" ಎನ್ನುತ್ತಿದ್ದಳು, ಅವನು ಕೋಲು ಇಳಿಸುತ್ತಿದ್ದ. ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಎರಡೂ ಮಾತು ಮೂಕಮ್ಮನಿಗೆ ಬಾಯಿಗೆ ಬಂದುಬಿಟ್ಟಿದ್ದವು.

"ಡೀಪು ಅಂದ್ರೆ ಆಳ, ಅದು ತಿಳೀತು. ಶ್ಯಾಲೋ ಅಂದ್ರೆ ಏನನ್ನಬೇಕು?" ಎಂದು ಕೇಳಿದಳು.

ವಿಜಯಶ್ರೀ ರೊಟ್ಟಿ ಮುರಿಯುತ್ತಾ ಯೋಚಿಸಿದಳು. "ಆಳ ಇಲ್ಲ ಅಂತ. ಪುಸ್ತಕದಲ್ಲೂ ಹಂಗೇ ಬರೀತಾರೆ, ಆಳವಿಲ್ಲದ ನೀರು. ನೀವೇನಂತೀರಿ?"

ಮೂಕಮ್ಮ ಬೆರಳು ಮಡಿಸಿ ಎಣಿಸಿದಳು. ಪಾದ, ಮೊಣಕಾಲು, ತೊಡೆ, ಸೊಂಟ, ಎದೆ, ಕುತ್ತಿಗೆ, ಎಲ್ಲಕ್ಕೂ ಅವಳಲ್ಲಿ ಮಾತಿತ್ತು. ಆದರೆ ಅವೆಲ್ಲವನ್ನೂ ಸೇರಿಸಿ ಹಿಡಿಯುವ ಒಂದು ಮಾತು ಅವಳಲ್ಲಿ ಇರಲಿಲ್ಲ. "ನಾವು ಮೈಗೆ ತಕ್ಕಂಗೆ ಹೇಳ್ತೀವಿ ತಾಯಿ," ಎಂದಳು. "ಮೊಣಕಾಲು ನಂದೇ, ಕುತ್ತಿಗೇನೂ ನಂದೇ. ಎರಡಕ್ಕೂ ಒಂದೇ ಮಾತು ಹೆಂಗೆ ಆಗ್ತೈತೆ?"

"ಇಂಗ್ಲಿಷಿನವರು ಮನುಷ್ಯರಿಗೂ ಈ ಮಾತು ಬಳಸ್ತಾರೆ. ಮಾತಲ್ಲಿ ತೂಕ ಇಲ್ಲದವರಿಗೆ ಶ್ಯಾಲೋ ಅಂತಾರೆ, ಮನಸ್ಸಲ್ಲಿ ಬಹಳ ಇಟ್ಕೊಂಡವರಿಗೆ ಡೀಪ್ ಅಂತಾರೆ."

"ಅಯ್ಯೋ, ಮನುಷ್ಯರಿಗೂ ಗಳ ಹಾಕ್ತಾರಾ?" ಎಂದು ಮೂಕಮ್ಮ ನಕ್ಕಳು. "ಹಂಗಾದ್ರೆ ನಾನು ಮೊಣಕಾಲುದ್ದ ಇರಬೇಕು. ಎಲ್ಲಾ ಮೇಲೇ ಕಾಣ್ತೈತೆ."

"ನಮ್ಮ ಜಗಳೂರಲ್ಲಿ ನೀರು ಡೀಪ್ ಐತೆ ಅಂದ್ರೆ ಮನೆಯವರ ಮುಖ ಬಾಡ್ತದೆ. ಬೋರ್‌ವೆಲ್ ಕೊರೆಸ್ಬೇಕಲ್ಲ. ಶ್ಯಾಲೋ ಅಂದ್ರೆ ಹಬ್ಬ. ನಿಮ್ಮಲ್ಲಿ ಮೀನು ಹಿಡಿಯೋರಿಗೆ ಡೀಪ್ ಬೇಕು, ದಾಟೋರಿಗೆ ಶ್ಯಾಲೋ ಬೇಕು. ಎಲ್ಲಿ ನಿಂತು ಹೇಳ್ತೀವಿ ಅನ್ನೋದರ ಮೇಲೆ ಹೋಗ್ತದೆ."

ಮಾರನೆಯ ದಿನ ಕೆಲಸ ಹೊಳೆಯ ಬಾಗಿನ ಹತ್ತಿರ ಬಂತು. ನೀರು ಕಪ್ಪಾಗತೊಡಗಿದ ಕಡೆ ಮೂಕಮ್ಮ ತೆಪ್ಪ ನಿಲ್ಲಿಸಿದಳು.

"ಇನ್ನು ಮುಂದಕ್ಕೆ ಹೋಗಲ್ಲ ತಾಯಿ. ಕರಿಮಡು. ಸುತ್ತಿ ಹೋಗಾಣ."

ವಿಜಯಶ್ರೀ ನಕ್ಷೆ ನೋಡಿದಳು, ಮೂಕಮ್ಮನ ಮುಖ ನೋಡಿದಳು. "ಇಲ್ಲೊಂದು ತೂತು ಉಳೀತದೆ ಅಮ್ಮ. ಇರಲಿ ಬಿಡಿ. ನಿಮಗೆ ಬೇಡ ಅಂದ್ರೆ ಬೇಡ," ಎಂದಳು. ಹಾಗೆನ್ನುವಾಗಲೂ ಅವಳ ಕೈ ತೆಪ್ಪದ ಅಂಚನ್ನು ಬಿಟ್ಟಿರಲಿಲ್ಲ, ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದವು.

ಮೂಕಮ್ಮ ಆ ಬೆರಳುಗಳನ್ನು ನೋಡಿದಳು. ಇಡೀ ಹೊಳೆಯೇ ಈ ಹುಡುಗಿಗೆ ಕರಿಮಡು. ಆದರೂ ದಿನಾ ಬಂದು ಕೂರುತ್ತಾಳೆ. ತನಗೆ ಇರುವುದು ಒಂದೇ ಒಂದು. ಅವಳು ಹುಟ್ಟನ್ನು ನೀರಿಗೆ ಹಾಕಿದಳು.

ತೆಪ್ಪ ಕಪ್ಪು ನೀರಿನ ಮೇಲೆ ಬಂತು. ಮೂಕಮ್ಮ ಗಾಜಿನ ಕಡೆ ನೋಡಲಿಲ್ಲ. ಗೆರೆ ಬಿದ್ದೇ ಹೋಗುತ್ತದೆ, ಗಾಜಿನಿಂದಾಚೆಗೂ ಬೀಳುತ್ತದೆ ಎಂದುಕೊಂಡು ಹುಟ್ಟಿನ ಮೇಲೇ ಕಣ್ಣಿಟ್ಟಿದ್ದಳು.

"ಇಲ್ಲೇನೂ ಡೀಪ್ ಇಲ್ವಲ್ಲ," ಎಂದಳು ವಿಜಯಶ್ರೀ. "ಮೂರು ಮೀಟರು ಚಿಲ್ಲರೆ."

"ಅಂದ್ರೆ?"

"ನಿಮ್ಮ ಲೆಕ್ಕದಲ್ಲಿ ಎರಡಾಳೂ ಇಲ್ಲ ಅಮ್ಮ. ತಳ ಹಾಸಿದಂಗೆ ಮಟ್ಟಸವಾಗಿ ಐತೆ, ಎಲ್ಲಾ ಮರಳು."

ಮೂಕಮ್ಮ ನಂಬಲಿಲ್ಲ. ಗಳ ತೆಗೆದು, ಅಪ್ಪನ ಹೆಸರು ಹೇಳಿಕೊಂಡು, ನೀರಿಗೆ ಇಳಿಸಿದಳು. ಗಳ ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ಮೆತ್ತಗೆ ನಿಂತಿತು. ತುದಿ ಮರಳಿಗೆ ಕಚ್ಚಿದ್ದು ಅಂಗೈಗೆ ತಿಳಿಯಿತು. ಅವಳು ಒತ್ತಿ ನೋಡಿದಳು. ನೆಲವೇ. ಅಣ್ಣನನ್ನು ನುಂಗಿದ, ಅಜ್ಜನ ಹಗ್ಗಕ್ಕೆ ಸಿಗದ ಜಾಗದಲ್ಲಿ ನೆಲವಿತ್ತು. ಗಳವನ್ನು ಎತ್ತಿ ಇನ್ನೊಂದು ಕಡೆ ಊರಿ ನೋಡಿದಳು, ಅಲ್ಲೂ ನೆಲ. ದೇವಸ್ಥಾನದ ಗರ್ಭಗುಡಿಯೊಳಕ್ಕೆ ಯಾರೋ ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದಂತೆ ಮೈ ಜುಮ್ಮೆಂದಿತು.

"ಅಜ್ಜ ಸುಳ್ಳು ಹೇಳಿದ್ನಾ ಹಂಗಾದ್ರೆ?" ಎಂದು ಕೇಳಿದಳು.

"ಸುಳ್ಳು ಯಾಕೆ ಅಮ್ಮ. ಆಗ ನಿಜವಾಗ್ಲೂ ಡೀಪ್ ಇದ್ದಿರಬೇಕು. ಪ್ರತಿ ಮಳೆಗಾಲಕ್ಕೂ ಹೊಳೆ ಮರಳು ಹೊತ್ಕೊಂಡು ಬರ್ತದೆ. ಒಂದು ಕಡೆ ತುಂಬತದೆ, ಇನ್ನೊಂದು ಕಡೆ ಕಿತ್ಕೊಂಡು ಹೋಗ್ತದೆ. ನೀರು ನಡೆಯೋದು ನಮಗೆ ಕಾಣ್ತದೆ. ನೆಲಾನೂ ನಡೀತಾ ಇರ್ತದೆ, ಅದು ಕಾಣಲ್ಲ ಅಷ್ಟೆ."

ಆ ಮಾತು ಕೇಳಿದಾಗ ಮೂಕಮ್ಮನಿಗೆ ಅದರ ಅರ್ಧ ಮಾತ್ರ ತಿಳಿಯಿತು. ಉಳಿದರ್ಧ ತಿಳಿಯಲು ಸಂಜೆಯಾಗಬೇಕಾಯಿತು.

ಬಾಗಿನ ಕೆಲಸ ಮುಗಿಸಿ, ಸಂಜೆ ಕಡವಿನಿಂದ ಕೆಳಕ್ಕೆ ಅಳೆಯುತ್ತಾ ಹೋದಾಗ ಬಟ್ಟೆ ಒಗೆಯುವ ಮೆಟ್ಟಿಲುಗಳ ಮುಂದೆ ಹಾದರು. ಅಲ್ಲಿ ಹೆಂಗಸರು ಒಗೆದ ಬಟ್ಟೆ ಹಿಂಡುತ್ತಿದ್ದರು. ಮೂಕಮ್ಮ ಅವರ ಜೊತೆ ಮಾತಿಗಿಳಿದಳು, ಗಾಜಿನ ಕಡೆ ಗಮನ ಇರಲಿಲ್ಲ. ಮೆಟ್ಟಿಲಿನಿಂದ ಒಂದೆರಡು ಮಾರು ಆಚೆಗೆ ತೆಪ್ಪ ಬಂದಾಗ ವಿಜಯಶ್ರೀ "ಡೀಪ್" ಎಂದಳು. ಮತ್ತೆ, ಧ್ವನಿ ಬದಲಾಗಿ, "ಡೀಪ್. ರಮೇಶ್, ಇನ್ನೂ ಇಳೀತಾ ಇದೆ. ಆರು ದಾಟ್ತು," ಎಂದಳು.

"ನಿಮ್ಮ ಪೆಟ್ಟಿಗೆ ಕೆಟ್ಟೈತೆ ತಾಯಿ," ಎಂದಳು ಮೂಕಮ್ಮ. "ಇಲ್ಲಿ ಸೊಂಟಮಟ್ಟ ನೀರು. ನಾನು ಇಲ್ಲೇ ನಿಂತು ಮೈ ತೊಳ್ಕೊಂಡು ಬೆಳೆದೋಳು." ಪೆಟ್ಟಿಗೆ ತಪ್ಪು ಎಂದು ತೋರಿಸಲೆಂದೇ ಗಳ ಎತ್ತಿ ನೀರಿಗೆ ಬಿಟ್ಟಳು.

ಗಳ ಹೋಯಿತು. ಮಣಿಕಟ್ಟು ಮುಳುಗಿತು, ಮೊಣಕೈ ಮುಳುಗಿತು, ಹೆಗಲಿನವರೆಗೆ ಕೈ ನೀರಿಗಿಳಿದು ತೆಪ್ಪ ಓರೆಯಾಯಿತು. ತುದಿಗೆ ಏನೂ ತಾಗಲಿಲ್ಲ.

ಹಿಂದಿನ ಬೇಸಿಗೆಗಳಲ್ಲಿ ಯಾರೋ ಯಂತ್ರ ತಂದು ಅಲ್ಲಿ ಮರಳು ಎತ್ತಿಕೊಂಡು ಹೋಗಿದ್ದರು. ಮಳೆ ಬಂದು ಗುಂಡಿಯ ಮೇಲೆ ನೀರು ನಿಂತಾಗ ಎಲ್ಲ ಮೊದಲಿನಂತೆಯೇ ಕಂಡಿತ್ತು. ತೆಪ್ಪ ಕಡವು ಬಿಟ್ಟರೆ ಮೇಲಕ್ಕೇ ಹೋಗುತ್ತಿತ್ತು, ಈ ಕಡೆ ಬರುತ್ತಿರಲಿಲ್ಲ. ಬಂದಿದ್ದರೂ ಚಿಕ್ಕಂದಿನಲ್ಲಿ ನಿಂತು ಮೈ ತೊಳೆದ ಜಾಗಕ್ಕೆ ಯಾರು ಗಳ ಹಾಕಿ ನೋಡುತ್ತಾರೆ? ಮೂಕಮ್ಮನ ಕೈಯಿಂದ ನೀರು ಸೋರುತ್ತಿತ್ತು. ಹೆದರಬೇಕಾದ ಕಡೆಯನ್ನು ಬಿಟ್ಟು ಇಷ್ಟು ವರ್ಷ ಬೇರೆಲ್ಲೋ ಹೆದರಿದ್ದೆನಲ್ಲಾ ಎಂದುಕೊಂಡು ಅವಳು ಮೆಟ್ಟಿಲ ಕಡೆ ತಿರುಗಿದಳು.

ಮೆಟ್ಟಿಲ ಮೇಲೆ ಸೈದಾಬೀ ಇದ್ದಳು. ಪೇಟೆಯಲ್ಲಿ ಬಳೆ ಅಂಗಡಿ ಇಟ್ಟ ಮನೆಯವಳು, ಮೂಕಮ್ಮನಿಗಿಂತ ಎರಡು ಮಳೆಗಾಲ ದೊಡ್ಡವಳು. ಅವಳ ಮೊಮ್ಮಗಳು ರುಹೀನಾ ಭಾನುವಾರ ಬಂತೆಂದರೆ ಖಾಲಿ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಇದೇ ನೀರಿನಲ್ಲಿ ಈಜು ಕಲಿಯುತ್ತಿದ್ದಳು.

"ಸೈದಕ್ಕ, ನಾಳೆಯಿಂದ ಯಾರೂ ಕೊನೇ ಮೆಟ್ಟಿಲು ಬಿಟ್ಟು ಇಳೀಬ್ಯಾಡ್ರಿ. ಮಕ್ಕಳನ್ನಂತೂ ಕರ್ಕೊಂಡೇ ಬರಬ್ಯಾಡ್ರಿ. ಇಲ್ಲಿ ಮಡು ಆಗೈತೆ."

"ಏನು ಹೇಳ್ತೀಯ ಮೂಕಮ್ಮ. ನಾನು ಮದುವೆಯಾಗಿ ಬಂದಾಗಿಂದ ಇಲ್ಲೇ ಒಗೀತೀನಿ. ಆ ಯಂತ್ರದ ಮಾತು ಕೇಳ್ಕೊಂಡು ನಮ್ಮ ಘಾಟು ಬಿಡಾಕೆ ಆಗ್ತೈತಾ?"

ಮೂಕಮ್ಮ ವಾದ ಮಾಡಲಿಲ್ಲ. ತೆಪ್ಪವನ್ನು ಮೆಟ್ಟಿಲಿನ ಹತ್ತಿರಕ್ಕೇ ತಂದು, ಸೈದಾಬೀ ನೋಡುತ್ತಿದ್ದಂತೆ ಗಳವನ್ನು ಮತ್ತೊಮ್ಮೆ ನೀರಿಗೆ ಇಳಿಸಿದಳು. ಗಳದ ಉದ್ದ ಎಲ್ಲರಿಗೂ ಗೊತ್ತಿದ್ದದ್ದೇ. ಅದು ಪೂರ್ತಿ ಮಾಯವಾಗಿ ಮೂಕಮ್ಮನ ಹೆಗಲೂ ನೀರು ಮುಟ್ಟಿದಾಗ ಮೆಟ್ಟಿಲ ಮೇಲಿದ್ದವರೆಲ್ಲ ಹಿಂದಕ್ಕೆ ಸರಿದರು. ಸೈದಾಬೀ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು, "ಯಾ ಅಲ್ಲಾ, ಮೊನ್ನೆ ಭಾನುವಾರ ನನ್ನ ರುಹೀನಾ ಇಲ್ಲೇ ಇದ್ಲು," ಎಂದು ಮೆಲ್ಲಗೆ ಹೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಕತ್ತಲಾಗುವ ಮೊದಲು ಮೂಕಮ್ಮ, ಧರ್ಮಪ್ಪ, ರಮೇಶ್ ಸೇರಿ ಗುಂಡಿಯ ಅಂಚಿಗೆ ಬಿದಿರ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದರು. ವಿಜಯಶ್ರೀ ಪಂಚಾಯ್ತಿಗೆ ಹೋಗಿ ನಕ್ಷೆ ತೋರಿಸಿ ಬಂದಳು. ಕೆಲವು ವಾರಗಳಲ್ಲಿ ಅಲ್ಲಿ ಕಬ್ಬಿಣದ ಬೇಲಿ, ಬೋರ್ಡು ಎರಡೂ ಬಂದವು. ಹೆಂಗಸರು ಒಗೆಯಲು ಇನ್ನೊಂದು ಕಡೆ ಹಾಸುಬಂಡೆ ನೋಡಿಕೊಂಡರು, ಗೊಣಗಿಕೊಂಡೇ.

ಸರ್ವೆಯವರು ಹೋದ ಮೇಲೆ ಧರ್ಮಪ್ಪನ ಕೆಮ್ಮು ಜ್ವರಕ್ಕೆ ತಿರುಗಿತು. ಗೂಟ ಹೊಡೆಯಲು ನೀರಿಗಿಳಿದದ್ದು ಹೆಚ್ಚಾಯಿತೆಂದು ಮೂಕಮ್ಮನಿಗೆ ಸಂಕಟ. ಒಂದು ಬೆಳಿಗ್ಗೆ ಅವನಿಗೆ ಎದ್ದು ಕೂರಲೂ ಆಗಲಿಲ್ಲ. ಕೆಂಚೇಶ್ ನ್ಯಾಮತಿಯಿಂದ ಟೆಂಪೋ ತಂದು ಅಪ್ಪನನ್ನು ಹಾಸಿಗೆ ಸಮೇತ ಮಲಗಿಸಿಕೊಂಡು ಹೊನ್ನಾಳಿಯ ಆಸ್ಪತ್ರೆಗೆ ಸೇರಿಸಿದ. ನ್ಯುಮೋನಿಯಾ ಎಂದರು. ಮೂಗಿಗೆ ಆಕ್ಸಿಜನ್ ಹಾಕಿದರು, ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು.

ಡಾಕ್ಟರು ಬಂದು ಧರ್ಮಪ್ಪನ ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಕೇಳಿ, ನರ್ಸ್ ಕಲ್ಪನಾಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆ ಮಾತುಗಳ ನಡುವೆ ಮೂಕಮ್ಮನ ಕಿವಿಗೆ ಒಂದು ಮಾತು ಗುರುತು ಸಿಕ್ಕಿತು. ಶ್ಯಾಲೋ.

ಡಾಕ್ಟರು ಹೊರಟ ಮೇಲೆ ಅವಳು ನಿರಾಳವಾಗಿ ಗೋಡೆಗೆ ಒರಗಿ ಸೈದಾಬೀಗೆ ಫೋನು ಮಾಡಿದಳು. "ಹೆದರಬ್ಯಾಡ ಸೈದಕ್ಕ. ಉಸಿರು ಶ್ಯಾಲೋ ಐತಂತೆ. ಡಾಕ್ಟರೇ ಹೇಳಿದ್ರು. ಶ್ಯಾಲೋ ಅಂದ್ರೆ ಕಾಲಿಗೆ ನೆಲ ಸಿಗ್ತೈತೆ ಅಂತ. ಮುಳುಗೋ ಮಾತಿಲ್ಲ."

ಬಾಟಲಿ ಸರಿಮಾಡುತ್ತಿದ್ದ ಕಲ್ಪನಾ ತಿರುಗಿ ನೋಡಿದಳು. ಫೋನು ಇಡುವವರೆಗೆ ಕಾದು, ಹತ್ತಿರ ಬಂದು ಕುಳಿತಳು.

"ಅಮ್ಮಾ, ಆ ಮಾತು ನಿಮಗೆ ಹೆಂಗೆ ಗೊತ್ತು?"

ಮೂಕಮ್ಮ ಹೊಳೆಯ ಕಥೆ ಹೇಳಿದಳು. ಕಲ್ಪನಾ ಪೂರ್ತಿ ಕೇಳಿದಳು, ನಗಲಿಲ್ಲ.

"ಹೊಳೇಲಿ ನೀವು ಹೇಳೋದು ಸರಿ. ಉಸಿರಲ್ಲಿ ಅದು ಉಲ್ಟಾ ಅಮ್ಮ. ಶ್ಯಾಲೋ ಅಂದ್ರೆ ಉಸಿರು ಮೇಲೆ ಮೇಲೇ ಆಡ್ತಾ ಐತೆ ಅಂತ. ಲಂಗ್ಸ್ ತಳಕ್ಕೆ ಹೋಗಿ ಮುಟ್ತಾ ಇಲ್ಲ. ಇವರ ಉಸಿರು ಡೀಪ್ ಆಗ್ಬೇಕು. ಆಗ್ಲೇ ಇವರು ಗೆಲ್ಲೋದು."

ಮೂಕಮ್ಮ ಗಂಡನ ಎದೆಯನ್ನು ನೋಡಿದಳು. ಅದು ಗುಬ್ಬಿಯ ಎದೆಯಂತೆ ಪುಟಪುಟನೆ ಆಡುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ಆ ಎದೆಯೊಳಗೆ ಒಂದು ತಳವಿದೆ, ಅಲ್ಲಿಗೆ ಗಾಳಿ ಇಳಿಯಬೇಕು, ಇಳಿದು ಮುಟ್ಟಿ ತಿರುಗಿ ಬರಬೇಕು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಯಾವ ಮಾತು ಹೊಳೆಯಲ್ಲಿ ಕೊಲ್ಲುತ್ತದೋ ಅದೇ ಮಾತು ಇಲ್ಲಿ ಬದುಕಿಸುತ್ತದೆ. ಯಾವುದು ಅಲ್ಲಿ ಕಾಲಿಗೆ ಆಸರೆಯೋ ಅದೇ ಇಲ್ಲಿ ಕೈಬಿಡುತ್ತದೆ. ಅವಳಿಗೆ ಭಯವಾಯಿತು. ಭಯದ ಜೊತೆಗೇ, ಹೊಳೆಯ ತಳವನ್ನು ಗಾಜಿನ ಮೇಲೆ ಕಂಡಾಗ ಆದಂಥದ್ದೇ ಬೆರಗೂ ಆಯಿತು.

ಜ್ವರ ಇಳಿದ ಮೇಲೆ ಕಲ್ಪನಾ ಒಂದು ಪ್ಲಾಸ್ಟಿಕ್ ಸಾಮಾನು ತಂದುಕೊಟ್ಟಳು. ಅದರಲ್ಲಿ ಮೂರು ಗೂಡು, ಪ್ರತಿ ಗೂಡಿನಲ್ಲಿ ಒಂದೊಂದು ಚೆಂಡು. ಕೊಳವೆ ಬಾಯಿಗಿಟ್ಟು ಉಸಿರೆಳೆದರೆ ಚೆಂಡು ಏಳಬೇಕು. ಧರ್ಮಪ್ಪ ಎಳೆದ. ಒಂದು ಚೆಂಡು ಅಲ್ಲಾಡಿ ಸುಮ್ಮನಾಯಿತು. ಅವನು ಕೊಳವೆ ಪಕ್ಕಕ್ಕಿಟ್ಟು ಮುಖ ತಿರುಗಿಸಿದ.

"ಮಕ್ಕಳ ಆಟ. ನನ್ನ ಕೈಲಾಗಲ್ಲ ಬಿಡು."

"ಆಟ ಅಲ್ರೀ. ಹುಟ್ಟು ಹಾಕ್ದಂಗೆ ಅನ್ಕೊಳ್ರಿ," ಎಂದು ಮೂಕಮ್ಮ ಕೊಳವೆಯನ್ನು ಮತ್ತೆ ಅವನ ತುಟಿಗಿಟ್ಟಳು. "ಮೇಲಿನ ನೀರು ಕೆದಕಿದ್ರೆ ತೆಪ್ಪ ಮುಂದಕ್ಕೆ ಹೋಗ್ತೈತಾ? ಕೆಳಗೆ ಇಳಿಸ್ರಿ. ಇನ್ನಾ ಇಳಿಸ್ರಿ. ಹಾಂ, ಈಗ ಎಳೀರಿ."

ಅವನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಅವಳು ಹಾಗೇ ಹೇಳುತ್ತಾ ಹೋದಳು. ಬೆಳಿಗ್ಗೆ ಹೇಳಿದಳು, ಊಟವಾದ ಮೇಲೆ ಹೇಳಿದಳು, ಕೆಂಚೇಶ್ ಬಂದು ಕುಳಿತಾಗಲೂ ಹೇಳಿದಳು. ಮೊದಲ ಚೆಂಡು ಎದ್ದು ನಿಂತದ್ದು ಕಂಡಾಗ ಪಕ್ಕದ ಹಾಸಿಗೆಯವರೂ ತಲೆಯೆತ್ತಿ ನೋಡಿದರು. ಎರಡನೆಯದು ಎದ್ದಿತು. ಮೂರನೆಯದು ಎದ್ದ ದಿನ ಮೂಕಮ್ಮನ ಅಂಗೈಯ ಕೆಳಗೆ ಗಂಡನ ಬೆನ್ನು ಅಗಲವಾಗಿ ಉಬ್ಬಿತು, ಪಕ್ಕೆಲುಬುಗಳು ಒಂದೊಂದಾಗಿ ಬಿಚ್ಚಿಕೊಂಡಂತೆ. ಕಣ್ಣಿಗೆ ಕಾಣದ ಗಾಳಿ, ಇಷ್ಟು ಸೊರಗಿದ ಒಂದು ಮೈಯೊಳಗೆ ಇಳಿದು, ಆಚೆ ಕಡೆ ಮೂರು ಚೆಂಡುಗಳನ್ನು ಎತ್ತಿ ನಿಲ್ಲಿಸಿತ್ತು. ಅವಳು ಕಲ್ಪನಾಳನ್ನು ಕರೆಯಬೇಕೆಂದು ಬಾಯಿ ತೆರೆದಳು. ಕಲ್ಪನಾ ಆಗಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಡೀಪ್," ಎಂದಳು ಕಲ್ಪನಾ.

"ಡೀಪು," ಎಂದಳು ಮೂಕಮ್ಮ.

ಬೇಸಿಗೆ ಏರಿತು. ಮೇಲಿನ ಅಣೆಕಟ್ಟಿನಿಂದ ನೀರು ಬರುವುದು ಕಡಿಮೆಯಾಗಿ ಹೊಳೆ ಆಳೆತ್ತರ ಇಳಿದು ಸಣ್ಣಗಾಯಿತು. ಬಂಡೆಗಳು ಬೆನ್ನು ತೋರಿಸಿದವು. ಒಂದು ಮುಂಜಾನೆ ಮೂಕಮ್ಮ ಗಳ ಹೆಗಲಿಗೇರಿಸಿ ಹೊಳೆಯ ಬಾಗಿನ ಕಡೆ ಹೊರಟಳು. ಧರ್ಮಪ್ಪ ಕೋಲೂರಿಕೊಂಡು ಹಿಂದೆ ಬಂದ. ಅವನು ದಡದ ಮತ್ತಿಮರದ ಬೇರಿನ ಮೇಲೆ ಕುಳಿತ. ಅವಳು ಸೀರೆಯನ್ನು ಕಚ್ಚೆ ಹಾಕಿ ಬಿಗಿದು ನೀರಿಗೆ ಇಳಿದಳು.

ಪ್ರತಿ ಹೆಜ್ಜೆಗೂ ಮುಂದೆ ಗಳ ಊರಿ ನೋಡಿ, ನೆಲ ಸಿಕ್ಕ ಮೇಲೆ ಕಾಲಿಟ್ಟಳು. ಮೊಣಕಾಲಿಗೆ ಬಂತು. ತೊಡೆಗೆ ಬಂತು. ಸೊಂಟದ ಹತ್ತಿರ ನೀರು ತಣ್ಣಗಾಯಿತು, ಬಣ್ಣ ಕಪ್ಪಾಯಿತು. ಎದೆಮಟ್ಟಕ್ಕೆ ಬಂದಾಗ ಅವಳು ನಿಂತಳು. ದಡದಿಂದ ಧರ್ಮಪ್ಪ ಎದ್ದು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು. ಅವಳು ಇನ್ನೆರಡು ಹೆಜ್ಜೆ ಇಟ್ಟಳು. ನೀರು ಕುತ್ತಿಗೆಯ ಕರಿಮಣಿಯನ್ನು ಎತ್ತಿ ತೇಲಿಸಿತು, ಗಲ್ಲವನ್ನು ಮುಟ್ಟಿ ಅಲ್ಲೇ ನಿಂತಿತು. ಇದೇ ನಡುಮಡು. ಅಣ್ಣ ಹೋದ ಜಾಗ.

"ಎಷ್ಟೈತೆ?" ಎಂದು ಧರ್ಮಪ್ಪ ದಡದಿಂದ ಕೂಗಿದ.

ಕಾಲ ಕೆಳಗಿನ ಮರಳಿನ ಕಡೆ ಅವಳ ಗಮನವಿತ್ತು. ನಿಂತ ಕಡೆಯಲ್ಲೇ ಅದು ಜಾರುತ್ತಿತ್ತು. ಹಿಮ್ಮಡಿಯ ಕೆಳಗಿಂದ ಒಂದೊಂದೇ ಹರಳು ಸರಿದು ಹೋಗುತ್ತಿತ್ತು, ಮೇಲಿನಿಂದ ಬೇರೆ ಹರಳು ಬಂದು ಬೆರಳ ಸಂದಿ ತುಂಬುತ್ತಿತ್ತು. ವಿಜಯಶ್ರೀ ಹೇಳಿದ್ದು ಇದನ್ನೇ. ಹೊಳೆಯ ನೆಲ ನಡೆಯುತ್ತಿತ್ತು, ಅವಳ ಪಾದದ ಅಡಿಯಲ್ಲೇ, ಸದ್ದಿಲ್ಲದೆ, ಅವಳು ಹುಟ್ಟುವ ಮೊದಲಿನಿಂದಲೂ. ಒಂದು ಕಾಲದಲ್ಲಿ ಅದು ಇಲ್ಲಿಂದ ಎದ್ದು ಹೋಗಿತ್ತು, ಆ ಹೊತ್ತಿನಲ್ಲಿ ಅಣ್ಣ ಬಂದಿದ್ದ. ಹೊಳೆಗೆ ಅವನ ಮೇಲೆ ಸಿಟ್ಟೂ ಇರಲಿಲ್ಲ, ಈಗ ತನ್ನ ಮೇಲೆ ಕರುಣೆಯೂ ಇಲ್ಲ. ಅದು ತನ್ನ ಪಾಡಿಗೆ ನಡೆಯುತ್ತಿದೆ, ಇಷ್ಟು ದೊಡ್ಡದಾಗಿ.

"ನೆಲ ಐತ್ರೀ," ಎಂದು ಅವಳು ಕೊನೆಗೆ ಕೂಗಿ ಹೇಳಿದಳು.

ಧರ್ಮಪ್ಪ ಮೆಲ್ಲಗೆ ಕುಳಿತುಕೊಂಡ.

ಆ ದಿನ ಮಧ್ಯಾಹ್ನ ಮೂಕಮ್ಮ ವಿಜಯಶ್ರೀಗೆ ಫೋನು ಮಾಡಿದಳು. ನಕ್ಷೆ ಮುಗಿಯಿತೇ ಎಂದು ಕೇಳಿದಳು. ಮುಗಿದು ಮೇಲಿನವರಿಗೆ ಕಳಿಸಿಯೂ ಆಯಿತು ಎಂದಳು ವಿಜಯಶ್ರೀ.

"ಅದು ಈ ಮಳೆಗಾಲದವರೆಗೆ ಮಾತ್ರ ತಾಯಿ," ಎಂದಳು ಮೂಕಮ್ಮ. "ಮಳೆ ಕಳೆದ ಮೇಲೆ ಪೆಟ್ಟಿಗೆ ತಗೊಂಡು ಇನ್ನೊಂದು ಸಲ ಬರ್ರಿ. ನೋಡಾಣ, ಯಾವುದು ಎಲ್ಲಿಗೆ ಹೋಗೈತೆ ಅಂತ."